ವಾರಕ್ಕೆ ಮೂರು ಅರ್ಧ ಗಂಟೆ ಇದ್ದರೆ ಈ ಹೊಸ ಫಿಟ್‌ನೆಸ್ ಸರಂಜಾಮಿನಲ್ಲಿ ಯಾವುದು ಬೇಕು, ಯಾವುದು ಬೇಡ?

ಸಂಜೆನಡಿಗೆ:

ನನಗೆ 61 ವರ್ಷ, ನಿವೃತ್ತ. ಮಗಳು ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿ ಹೋದಳು. ಅಂದಿನಿಂದ ಬೆಳಗಾಗುವುದೇ ಅದರ ಅಪ್ಪಣೆಯಿಂದ. ಏಳುತ್ತಲೇ ‘ರಿಕವರಿ ಸ್ಕೋರ್’ ಎಂದು ನೂರಕ್ಕೆ ಇಂತಿಷ್ಟು ಅಂಕ ಕೊಡುತ್ತದೆ. ಮೊನ್ನೆ 38 ಕೊಟ್ಟು ‘ಇಂದು ವಿಶ್ರಾಂತಿ ಪಡೆಯಿರಿ’ ಎಂದಿತು. ನನಗೋ ಮೈ ಹಗುರವಾಗಿತ್ತು. 86 ಕೊಟ್ಟ ದಿನ ಎರಡನೇ ಮಹಡಿ ತಲುಪುವಷ್ಟರಲ್ಲಿ ಏದುಸಿರು. ಯಾರನ್ನು ನಂಬಲಿ?

ಇತ್ತ ನಾನು ಹೋಗುವ ಜಿಮ್ ನವೀಕರಣಗೊಂಡಿದೆ. ಡಂಬೆಲ್‌ಗಳಲ್ಲಿ ಅರ್ಧದಷ್ಟನ್ನು ತೆಗೆದು ಆ ಜಾಗದಲ್ಲಿ ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿ ಇಟ್ಟಿದ್ದಾರೆ. ತರಬೇತುದಾರ ಹುಡುಗ ಮಾತೆತ್ತಿದರೆ ‘ಜೋನ್ ಟೂ’ ಎನ್ನುತ್ತಾನೆ, ನಾಡಿಬಡಿತದ ಒಂದು ಹದವಂತೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕಂತೆ. ದಿನವೂ ನಡೆಯುತ್ತೇನೆ, ಆದರೆ ಅಷ್ಟಾಗುವುದಿಲ್ಲ. ಮೊಮ್ಮಗನನ್ನು ನೋಡಿಕೊಳ್ಳುವ ಕೆಲಸದ ನಡುವೆ, ನಡಿಗೆ ಬಿಟ್ಟು, ವಾರಕ್ಕೆ ಮೂರು ಅರ್ಧ ಗಂಟೆ ಹೊಂದಿಸಬಲ್ಲೆ. ಅದನ್ನು ಯಾವುದಕ್ಕೆ ಕೊಡಲಿ?

ಕಬ್ಬಿಣಪ್ರಿಯೆ:

ತೊಟ್ಟಿಗಾಗಿ ಡಂಬೆಲ್ ತೆಗೆದರು ಎಂಬುದನ್ನು ಓದಿ ಹೊಟ್ಟೆ ಉರಿಯಿತು. ನಾನು ತರಬೇತಿ ಕೊಡುವವಳು, ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಹಾಗಾಗಿ ನನ್ನ ಪಕ್ಷಪಾತ ಯಾವ ಕಡೆಗೆಂದು ಮೊದಲೇ ತಿಳಿದಿರಲಿ: ಮೂರೂ ಅರ್ಧ ಗಂಟೆಯನ್ನು ಭಾರ ಎತ್ತುವುದಕ್ಕೆ ಕೊಡಿ.

ತಣ್ಣೀರಿನ ವಿಷಯ ಮೊದಲು ಮುಗಿಸುತ್ತೇನೆ. 2015ರಲ್ಲಿ ‘ಜರ್ನಲ್ ಆಫ್ ಫಿಸಿಯಾಲಜಿ’ಯಲ್ಲಿ ಒಂದು ಅಧ್ಯಯನ ಬಂತು. ಹನ್ನೆರಡು ವಾರ ಭಾರದ ವ್ಯಾಯಾಮ ಮಾಡಿದ ಯುವಕರಲ್ಲಿ ಒಂದು ಗುಂಪಿನವರು ವ್ಯಾಯಾಮ ಮುಗಿದೊಡನೆ ಹತ್ತು ನಿಮಿಷ ತಣ್ಣೀರಿನಲ್ಲಿ ಕುಳಿತರು, ಇನ್ನೊಂದು ಗುಂಪಿನವರು ನಿಧಾನವಾಗಿ ಸೈಕಲ್ ತುಳಿದರು. ಸ್ನಾಯು ಮತ್ತು ಬಲ ಹೆಚ್ಚು ಬೆಳೆದದ್ದು ಸೈಕಲ್ ತುಳಿದವರಲ್ಲಿ. ವ್ಯಾಯಾಮದ ನಂತರ ಸ್ನಾಯುವಿನಲ್ಲಿ ಬೆಳವಣಿಗೆಗೆ ಕರೆ ಕೊಡುವ ಕ್ರಿಯೆಗಳನ್ನೇ ತಣ್ಣೀರು ಮಂದಗೊಳಿಸುತ್ತದೆ. ನೋವು ಕಡಿಮೆಯಾದಂತೆ ಅನ್ನಿಸುವುದು ನಿಜ. ಮರುದಿನವೇ ಮತ್ತೊಂದು ಪಂದ್ಯವಿರುವ ಆಟಗಾರನಿಗೆ ಅದು ಬೇಕಾಗಬಹುದು. ಸ್ನಾಯು ಗಳಿಸಬೇಕಾದ ನಿಮಗೆ ಅದು ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡಂತೆ.

ಹತ್ತು ಸಾವಿರದ ಹಿಂದೆ ವಿಜ್ಞಾನಕ್ಕಿಂತ ವ್ಯಾಪಾರ ಹೆಚ್ಚು. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ‘ಮಾನ್ಪೊಕೇ’ ಎಂಬ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಂತು. ಆ ಸಂಖ್ಯೆ ಅದರ ಹೆಸರಿನಲ್ಲಿಯೇ ಇತ್ತು. 2019ರಲ್ಲಿ ಅಮೆರಿಕದ ಹಿರಿಯ ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು, ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ನಡೆದವರಲ್ಲಿಯೇ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು, 7,500ರ ಹೊತ್ತಿಗೆ ಲಾಭದ ಏರಿಕೆ ನಿಂತಿತ್ತು. ಸಂಖ್ಯೆ ತುಂಬಲೆಂದು ಮಲಗುವ ಮುನ್ನ ಹಜಾರದಲ್ಲಿ ಸುತ್ತು ಹಾಕಬೇಕಾಗಿಲ್ಲ.

ಇನ್ನು ಭಾರ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ. ಮೊದಲ ಅರ್ಧ ಎಲ್ಲರಿಗೂ ಗೊತ್ತು, ಎರಡನೆಯದನ್ನು ಕೇಳಿಸಿಕೊಂಡವರು ಕಡಿಮೆ. ನನ್ನ ಕಣ್ಣಿಗೆ ಈ ಉದ್ಯಮದಲ್ಲಿ ಈಚೆಗೆ ಆಗಿರುವ ನಿಜವಾದ ಬದಲಾವಣೆ ಇಲ್ಲಿಯೇ ಇದೆ. ಮೊದಲು ಭಾರದ ಕೋಣೆ ಇಪ್ಪತ್ತೈದರ ಹುಡುಗರದ್ದಾಗಿತ್ತು. ಈಗ ಮೊಣಕಾಲು ಹಿಡಿದುಕೊಂಡು ಬರುವವರು, ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುವವರು ಬರುತ್ತಿದ್ದಾರೆ. ಆ ಮದ್ದಿನಿಂದ ಕೊಬ್ಬಿನ ಜೊತೆಗೆ ಸ್ನಾಯುವೂ ಇಳಿಯುತ್ತದೆ. ಅದನ್ನು ಉಳಿಸಿಕೊಳ್ಳಲು ಭಾರ ಎತ್ತದೆ ದಾರಿಯಿಲ್ಲ.

ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ ಕುಳಿತುಕೊಳ್ಳಿ, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಳ್ಳಿ, ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ನಿಲ್ಲುತ್ತೀರಿ ಎಂದು ಎಣಿಸಿ. 60ರಿಂದ 64ರ ವಯಸ್ಸಿನ ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಅದು ಸರಾಸರಿಗಿಂತ ಕೆಳಗೆ. ಯಾವ ರಿಕವರಿ ಸ್ಕೋರ್‌ಗಿಂತಲೂ ಈ ಲೆಕ್ಕ ನಿಮ್ಮ ಕಾಲಿನ ಬಗ್ಗೆ ಹೆಚ್ಚು ಹೇಳುತ್ತದೆ.

ಎರಡುಚಕ್ರ:

ಕಬ್ಬಿಣಪ್ರಿಯೆಯವರ ಮಾತು ಒಪ್ಪುತ್ತೇನೆ, ಆದರೆ ಗಡಿಯಾರವನ್ನು ಹೀಗೆ ಕಸದ ಬುಟ್ಟಿಗೆ ಎಸೆಯುವುದು ಬೇಡ. ಅದರೊಳಗಿನ ಹಸಿರು ದೀಪ ಚರ್ಮದ ಕೆಳಗೆ ರಕ್ತದ ಏರಿಳಿತವನ್ನು ನೋಡುತ್ತದೆ. ಸುಮ್ಮನೆ ಕುಳಿತಾಗ, ಒಂದೇ ಹದದಲ್ಲಿ ನಡೆಯುವಾಗ ನಾಡಿಬಡಿತವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಡಂಬೆಲ್ ಬಿಗಿಯಾಗಿ ಹಿಡಿದು ಮಣಿಕಟ್ಟು ಬಾಗಿದಾಗ ತಪ್ಪುತ್ತದೆ. ಕ್ಯಾಲೊರಿಯ ಲೆಕ್ಕವನ್ನಂತೂ ನೋಡಲೇಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಸಾಧನಗಳನ್ನು ಪರೀಕ್ಷಿಸಿದಾಗ ಕ್ಯಾಲೊರಿಯ ವಿಷಯದಲ್ಲಿ ಅತ್ಯುತ್ತಮ ಎನಿಸಿದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು.

ರಿಕವರಿ ಸ್ಕೋರ್ ಎಂಬುದು ನಾಡಿ, ನಿದ್ದೆ, ಬಡಿತಗಳ ನಡುವಿನ ಅಂತರ ಎಲ್ಲವನ್ನೂ ಕಲಸಿ ಒಂದೊಂದು ಕಂಪನಿ ತನ್ನದೇ ಸೂತ್ರದಲ್ಲಿ ಮಾಡಿದ ಅಡುಗೆ. ಅದನ್ನು ಬಿಟ್ಟು ವಿಶ್ರಾಂತಿಯ ನಾಡಿಬಡಿತದ ವಾರದ ಸರಾಸರಿಯನ್ನು ನೋಡಿ. ಕೆಲವು ತಿಂಗಳಲ್ಲಿ ಅದು ಮೆಲ್ಲಗೆ ಇಳಿದರೆ ದಾರಿ ಸರಿಯಿದೆ. ಒಮ್ಮೆಲೇ ಏರಿ ನಾಲ್ಕು ದಿನ ಅಲ್ಲಿಯೇ ನಿಂತರೆ ನೆಗಡಿಯೋ ಜ್ವರವೋ ಬಾಗಿಲಲ್ಲಿರಬಹುದು.

ಇರುಳುಹಕ್ಕಿ:

ನಿದ್ದೆಯ ಅಂಕವನ್ನೂ ಮುಚ್ಚಿಡಿ ಎನ್ನುವುದು ನನ್ನ ಸೇರ್ಪಡೆ. ಅಂಕ ಕಡಿಮೆ ಬಂತೆಂದು ಚಿಂತಿಸಿ ನಿದ್ದೆಗೆಡುವವರಿಗಾಗಿ ‘ಆರ್ಥೋಸೋಮ್ನಿಯಾ’ ಎಂಬ ಹೆಸರನ್ನು ವೈದ್ಯರು 2017ರಲ್ಲಿಯೇ ಇಟ್ಟಾಗಿದೆ. ನನ್ನ ತಂಗಿ ಈ ಪೈಕಿ. ಚೆನ್ನಾಗಿ ಮಲಗಿ ಎದ್ದು, ಪರದೆ ನೋಡಿದ ಮೇಲೆ ಸುಸ್ತಾಗುತ್ತಾಳೆ.

ಸಂಜೆನಡಿಗೆ:

ಎಲ್ಲರಿಗೂ ವಂದನೆಗಳು. ಹೇಳದೆ ಉಳಿದದ್ದೊಂದಿದೆ: ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಬೀಟಾ ಬ್ಲಾಕರ್. 220ರಿಂದ ವಯಸ್ಸು ಕಳೆದು, ಅದರ ಶೇ 60ರಿಂದ 70ರಷ್ಟು ನಾಡಿಬಡಿತ ಬಂದರೆ ‘ಜೋನ್ ಟೂ’ ಎಂದು ಜಿಮ್ ಹುಡುಗ ಹೇಳಿದ. ಎಷ್ಟು ಬಿರುಸಾಗಿ ನಡೆದರೂ ನನ್ನ ಬಡಿತ ಅಲ್ಲಿಗೆ ಮುಟ್ಟುವುದೇ ಇಲ್ಲ. ಇನ್ನೂ ಜೋರಾಗಿ ನಡೆಯಲೇ?

ಕಬ್ಬಿಣಪ್ರಿಯೆ:

ಬೇಡ! ಆ ಮಾತ್ರೆಯ ಕೆಲಸವೇ ಬಡಿತವನ್ನು ತಗ್ಗಿಸುವುದು. ಅದನ್ನು ನುಂಗಿದವರಿಗೆ ವಯಸ್ಸಿನ ಈ ಸೂತ್ರ ಹೊಂದುವುದಿಲ್ಲ. ಮಾತ್ರೆ ಇಲ್ಲದವರಲ್ಲಿಯೂ 220ರ ಸೂತ್ರ ಹತ್ತು-ಹದಿನೈದು ಬಡಿತ ಅತ್ತಿತ್ತ ಆಗುವುದು ಸಾಮಾನ್ಯ. ನಡೆಯುತ್ತಾ ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗಬೇಕು, ಹಾಡಲು ಮಾತ್ರ ಆಗಬಾರದು. ಅಷ್ಟೇ ನಿಮ್ಮ ಹದ.

ತೊಟ್ಟಿಯ ವಿಷಯದಲ್ಲಿ ಈಗ ನನ್ನ ಧ್ವನಿ ಇನ್ನಷ್ಟು ಗಟ್ಟಿ. ಮಂಜಿನ ನೀರಿಗೆ ಇಳಿದ ಕ್ಷಣ ಉಸಿರು ಕಟ್ಟಿ ರಕ್ತದೊತ್ತಡ ಜಿಗಿಯುತ್ತದೆ. ನಿಮ್ಮ ವೈದ್ಯರನ್ನು ಕೇಳದೆ ಕಾಲು ಕೂಡ ಇಳಿಸಬೇಡಿ. ಭಾರ ಎತ್ತುವ ಬಗ್ಗೆಯೂ ಅವರನ್ನು ಒಮ್ಮೆ ಕೇಳಿಬಿಡಿ, ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ.

ಒಪ್ಪಿದರೆ ಹೀಗೆ ಶುರು ಮಾಡಿ: ಕುರ್ಚಿಯಿಂದ ಎದ್ದು ಕೂರುವುದು, ಬೆಂಚಿಗೆ ಒಂದು ಕೈ ಊರಿ ಇನ್ನೊಂದರಲ್ಲಿ ಡಂಬೆಲ್ ಸೊಂಟದತ್ತ ಎಳೆಯುವುದು, ಗೋಡೆಗೆ ಪುಷ್‌ಅಪ್, ಎರಡೂ ಕೈಯಲ್ಲಿ ತೂಕ ಹಿಡಿದು ನೆಟ್ಟಗೆ ನಡೆಯುವುದು. ಮೊದಲ ಮೂರನ್ನು ಎಂಟರಿಂದ ಹನ್ನೆರಡು ಬಾರಿ, ಎರಡು ಸುತ್ತು. ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು. ಹನ್ನೆರಡೂ ಸಲೀಸಾದ ವಾರ ತೂಕ ಸ್ವಲ್ಪ ಏರಿಸಿ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಬಿಗಿಹಿಡಿದು ಎತ್ತಿದರೆ ಒತ್ತಡ ಏರುತ್ತದೆ, ನಿಮ್ಮ ಮಟ್ಟಿಗೆ ಅದೊಂದು ಆಗಬಾರದು.