ಸಹಾಯ ಬೇಕು: ಅನಲಾಗ್ ಡೈನಾಮಿಕ್ ಈಕ್ವಲೈಸರ್‌ನಲ್ಲಿ ‘ಧಬ್’ ಎಂಬ ಸದ್ದು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮಾಡಿಕೊಳ್ಳುವ ಗಾಯನದ ಧ್ವನಿಮುದ್ರಣಕ್ಕಾಗಿ ಮೂರು ಬ್ಯಾಂಡ್‌ಗಳ ಅನಲಾಗ್ ಡೈನಾಮಿಕ್ ಈಕ್ವಲೈಸರ್ (ಆಯ್ದ ಆವರ್ತನಗಳ ಸದ್ದು ಹೆಚ್ಚಾದಾಗ ಮಾತ್ರ ಅವನ್ನು ತಾನೇ ತಗ್ಗಿಸುವ ಸಾಧನ) ಕಟ್ಟಲು ಹೊರಟಿದ್ದೇನೆ. ಸರ್ಕ್ಯೂಟ್ ವಿನ್ಯಾಸದಲ್ಲಿ ಇದು ನನ್ನ ಮೊದಲ ಪ್ರಯತ್ನ. ಕ್ರಾಸ್‌ಓವರ್‌ನಲ್ಲಿ ಸಿಗ್ನಲ್ ಒಡೆದು ಮತ್ತೆ ಕೂಡಿಸಿದರೆ ಫೇಸ್ ವ್ಯತ್ಯಾಸದ (ಅಲೆಗಳು ಒಂದಕ್ಕೊಂದು ಹಿಂದುಮುಂದಾಗುವ) ತೊಡಕು ಬರುತ್ತದೆಂದು ಅದನ್ನು ಕೈಬಿಟ್ಟು, ಪ್ರತಿ ಬ್ಯಾಂಡಿಗೂ ಟಿಎಲ್074 ಆಪ್-ಆ್ಯಂಪ್ ಐಸಿ ಬಳಸಿದ ಸ್ಟೇಟ್ ವೇರಿಯೇಬಲ್ ಫಿಲ್ಟರ್ ಇಟ್ಟು, ಅದರ ಬ್ಯಾಂಡ್‌ಪಾಸ್ ಔಟ್‌ಪುಟ್ಟನ್ನು (ಆ ಬ್ಯಾಂಡಿನ ಆವರ್ತನಗಳಷ್ಟೇ ಇರುವ ಸಿಗ್ನಲ್) ಎಲ್‌ಎಂ13700 (ಕಂಟ್ರೋಲ್ ಕರೆಂಟಿನಿಂದ ಗೇನ್ ಬದಲಾಗುವ ಆಂಪ್ಲಿಫೈಯರ್ ಐಸಿ) ಮೂಲಕ ಹಾಯಿಸಿ ಮೂಲ ಸಿಗ್ನಲ್‌ನಿಂದ ಕಳೆಯುವ ದಾರಿ ಹಿಡಿದಿದ್ದೇನೆ.

ಸದ್ಯಕ್ಕೆ ‘ಸ’, ‘ಶ’ಗಳ ಸೀಟಿಯನ್ನು ತಗ್ಗಿಸುವ ಮೇಲಿನ ಬ್ಯಾಂಡ್ ಮಾತ್ರ ಬ್ರೆಡ್‌ಬೋರ್ಡ್ ಮೇಲೆ ಸಿದ್ಧವಾಗಿದೆ (10 ಕಿಲೋಓಮ್, 2.2 ನ್ಯಾನೋಫ್ಯಾರಡ್, ಅಂದರೆ ಸುಮಾರು 7.2 ಕಿಲೋಹರ್ಟ್ಸ್). ಸೀಟಿ ನಿಜಕ್ಕೂ ತಗ್ಗುತ್ತದೆ. ಅದನ್ನು ಮೊದಲು ಕೇಳಿದಾಗ ಆದ ಸಂತೋಷ ಹೇಳತೀರದು. ಆದರೆ ಅಟ್ಯಾಕ್ ಸಮಯವನ್ನು (ಸೀಟಿ ಬಂದೊಡನೆ ಅದನ್ನು ತಗ್ಗಿಸಲು ಸರ್ಕ್ಯೂಟ್ ತೆಗೆದುಕೊಳ್ಳುವ ಸಮಯ) 1 ಮಿಲಿಸೆಕೆಂಡಿಗೆ ಇಳಿಸಿದೊಡನೆ ಪ್ರತಿ ‘ಸ’ಕಾರದ ಜೊತೆಗೆ ‘ಧಬ್’ ಎಂಬ ಸದ್ದು ಕೇಳಿಸುತ್ತದೆ. ಇನ್‌ಪುಟ್ಟನ್ನು ಗ್ರೌಂಡ್‌ಗೆ ಸೇರಿಸಿ ಕಂಟ್ರೋಲ್ ಕರೆಂಟನ್ನಷ್ಟೇ ಏರಿಳಿಸಿದರೂ ಅದು ಬರುವುದರಿಂದ, ಆ ಕರೆಂಟೇ ಔಟ್‌ಪುಟ್ಟಿಗೆ ಸೋರುತ್ತಿದೆ ಎಂಬುದು ಖಚಿತವಾಯಿತು. ಆಫ್‌ಸೆಟ್ (ಸಿಗ್ನಲ್ ಇಲ್ಲದಾಗಲೂ ಉಳಿಯುವ ಸಣ್ಣ ಡಿಸಿ ವೋಲ್ಟೇಜ್) ಸರಿಪಡಿಸಲು ಪ್ರೀಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕಿ ತಿರುಗಿಸಿದೆ. ಸದ್ದು ಕುಗ್ಗಿತು, ಆದರೆ ಅರ್ಧ ಗಂಟೆಯಲ್ಲಿ ಮರಳಿ ಬಂತು. ಅಟ್ಯಾಕನ್ನು 10 ಮಿಲಿಸೆಕೆಂಡಿಗೆ ಏರಿಸಿದರೆ ಸದ್ದಿಲ್ಲ, ಆದರೆ ಸೀಟಿಯ ಮೊದಲ ತುದಿ ತಪ್ಪಿಸಿಕೊಳ್ಳುತ್ತದೆ.

ಎಲ್‌ಎಂ13700 ನಂತರ 500 ಹರ್ಟ್ಸ್‌ನ ಹೈಪಾಸ್ (ಅದಕ್ಕಿಂತ ಕೆಳಗಿನ ಆವರ್ತನಗಳನ್ನು ತಡೆಯುವ ಫಿಲ್ಟರ್) ಇಟ್ಟರೆ ಈ ಬ್ಯಾಂಡಿಗೆ ಸಾಕಾಗಬಹುದು, ಏಕೆಂದರೆ 7.2 ಕಿಲೋಹರ್ಟ್ಸ್‌ನಲ್ಲಿ ಅದರ ಫೇಸ್ ಪಲ್ಲಟ ಕೇವಲ 4 ಡಿಗ್ರಿಯಷ್ಟು. ಆದರೆ 200 ಹರ್ಟ್ಸ್ ಸುತ್ತಲಿನ ಕೆಳ ಬ್ಯಾಂಡಿನಲ್ಲಿ ಈ ಉಪಾಯ ನಡೆಯದು, ಏಕೆಂದರೆ ಆ ಹೈಪಾಸ್ ಬ್ಯಾಂಡಿನ ಸಿಗ್ನಲ್ಲನ್ನೇ ತಡೆಯುತ್ತದೆ. ಆ ಬ್ಯಾಂಡಿನಲ್ಲಿ ಎಲ್‌ಎಂ13700 ಇಟ್ಟುಕೊಂಡೇ ಈ ಸೋರಿಕೆಯನ್ನು ಸ್ಥಿರವಾಗಿ ತಡೆಯುವ ವಿಧಾನವಿದೆಯೇ, ಅಥವಾ ದ್ಯಾಟ್2180ರಂಥ ಮೀಸಲು ವಿಸಿಎ (ವೋಲ್ಟೇಜಿನಿಂದ ಗೇನ್ ನಿಯಂತ್ರಿಸುವ ಆಂಪ್ಲಿಫೈಯರ್) ಐಸಿಗೆ ಬದಲಾಯಿಸುವುದು ಅನಿವಾರ್ಯವೇ? ಕಟ್ಟಿ ಅನುಭವವಿರುವವರು ದಯವಿಟ್ಟು ತಿಳಿಸಿ.