ಪದ ಬೇಕು: ‘ಕ್ರುಸೇಡ್’ಗೆ ಕನ್ನಡದಲ್ಲಿ ಏನು? (ಶುಕ್ರವಾರದೊಳಗೆ)

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಾಲ್ಕನೇ ಕ್ರುಸೇಡಿನ ಕಥೆ ಬರೆದಿದ್ದೇನೆ. ಜೆರುಸಲೇಮ್ ಹಿಡಿಯುತ್ತೇವೆ ಅಂತ ಯುರೋಪಿನ ಕ್ರೈಸ್ತರು ಹರಕೆ ಹೊತ್ತು ಹೊರಟರಲ್ಲ, ಆ ಯುದ್ಧಗಳಲ್ಲಿ ನಾಲ್ಕನೆಯದು. ಪಂಡಿತರಿಗಲ್ಲ, ಬಸ್ಸಿನಲ್ಲಿ ಕೂತು ಓದುವವರಿಗೆ. ಪುಸ್ತಕ ಮುಗಿದಿದೆ, ಹೆಸರು ಸಿಗುತ್ತಿಲ್ಲ. ಮುಖಪುಟ ಬರೆಯುವವರು ಶುಕ್ರವಾರದವರೆಗೆ ಮಾತ್ರ ಕಾಯುತ್ತಾರಂತೆ. ‘ನಾಲ್ಕನೇ ಧರ್ಮಯುದ್ಧ ಅಂತ ಹಾಕಿಬಿಡಿ’ ಅನ್ನುತ್ತಾರೆ ಪ್ರಕಾಶಕರು. ಶಾಲೆಯಲ್ಲಿ ನಾನು ಓದಿದ್ದೂ ಅದನ್ನೇ. ಆದರೂ ಗಂಟಲಲ್ಲಿ ಇಳಿಯುತ್ತಿಲ್ಲ.

ಯಾಕೆ ಅಂದರೆ ಕಥೆಯೇ ಹಾಗಿದೆ. 1201ರಲ್ಲಿ ಫ್ರಾನ್ಸಿನ ಸರದಾರರು ವೆನಿಸ್ ಜೊತೆ ಹಡಗಿನ ಕರಾರು ಮಾಡಿಕೊಂಡರು. 33,500 ಜನ, 4,500 ಕುದುರೆ, ಬಾಡಿಗೆ 85,000 ಬೆಳ್ಳಿ ಮಾರ್ಕು. ಈಜಿಪ್ಟಿನ ಮೇಲೆ ಬಿದ್ದು ಆ ದಾರಿಯಲ್ಲಿ ಜೆರುಸಲೇಮ್ ಹಿಡಿಯುವ ಲೆಕ್ಕ. ಮುಂದಿನ ವರ್ಷ ಬಂದು ಸೇರಿದ್ದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಹಡಗು ಮಾತ್ರ ಅಷ್ಟೂ ಸಿದ್ಧ. 34,000 ಮಾರ್ಕು ಬಾಕಿ ಉಳಿಯಿತು. ವೆನಿಸ್ಸಿನ ಯಜಮಾನ ಡ್ಯಾಂಡೊಲೊ, ಕಣ್ಣು ಕಾಣದ ಮುದುಕ, ಒಂದು ದಾರಿ ತೋರಿಸಿದ: ಜಾರಾ ಪಟ್ಟಣ ಗೆದ್ದುಕೊಡಿ, ಬಾಕಿ ಆಮೇಲೆ ನೋಡೋಣ. ಜಾರಾ ಕ್ರೈಸ್ತರದೇ ಊರು. ಅದರ ಒಡೆಯ ಹಂಗೆರಿಯ ರಾಜ, ಅವನೂ ಕ್ರುಸೇಡಿಗೆ ಹೋಗುವ ಹರಕೆ ಹೊತ್ತವನು! ಪೋಪ್ ಬೇಡ ಅಂದರೂ 1202ರ ನವೆಂಬರಿನಲ್ಲಿ ಜಾರಾ ಬಿತ್ತು. ಆಮೇಲೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಂಹಾಸನ ಕಳೆದುಕೊಂಡ ದೊರೆಯ ಮಗ ಅಲೆಕ್ಸಿಯೋಸ್ ಬಂದು ‘ನಮ್ಮನ್ನು ಪಟ್ಟಕ್ಕೆ ಕೂರಿಸಿ, 2,00,000 ಮಾರ್ಕು ಕೊಡುತ್ತೇನೆ’ ಅಂದ. ಆ ಆಸೆ ಹೋಗಿ ಮುಗಿದದ್ದು 1204ರ ಏಪ್ರಿಲಿನಲ್ಲಿ, ಕಾನ್‌ಸ್ಟಾಂಟಿನೋಪಲ್‌ನ ಮೂರು ದಿನದ ಲೂಟಿಯಲ್ಲಿ. ಅದೂ ಕ್ರೈಸ್ತರದೇ ರಾಜಧಾನಿ.

ಇದಕ್ಕೆ ಧರ್ಮಯುದ್ಧ ಅಂದರೆ ಓದುವವರು ನಗಲ್ವಾ?

ಇನ್ನೊಂದು. ‘ಟೇಕ್ ದ ಕ್ರಾಸ್’, ಅಂದರೆ ಕ್ರುಸೇಡಿಗೆ ಹೋಗುವ ಹರಕೆ ಹೊರುವುದು, ಪುಟಪುಟಕ್ಕೂ ಬರುತ್ತದೆ. ‘ಶಿಲುಬೆ ಹೊತ್ತರು’ ಅಂತ ಬರೆದಿದ್ದೆ. ಕರಡು ಓದಿದ ಗೆಳತಿ ‘ಅಯ್ಯೋ, ಅಷ್ಟು ಜನಕ್ಕೂ ಮರಣದಂಡನೆನಾ?’ ಅಂದಳು.

ಧಾರವಾಡದಿಂದ:

ಧರ್ಮಯುದ್ಧ ತಪ್ಪು. ಧರ್ಮಯುದ್ಧ ಅಂದರೆ ನಿಯಮಕ್ಕೆ ಕಟ್ಟುಬಿದ್ದು ಮಾಡುವ ಯುದ್ಧ. ಹೊತ್ತು ಮುಳುಗಿದ ಮೇಲೆ ಕೈ ಎತ್ತಬಾರದು, ಆಯುಧ ಇಳಿಸಿದವನನ್ನು ಹೊಡೆಯಬಾರದು. ದೇವರ ಹೆಸರಲ್ಲಿ ಮಾಡಿದ್ದೆಲ್ಲ ಧರ್ಮಯುದ್ಧ ಆಗುವುದಿಲ್ಲ. ಧರ್ಮ ಮತ್ತು ಮತ ಒಂದೇ ಅನ್ನುವುದು ಇಂಗ್ಲಿಷಿನಿಂದ ನಮಗೆ ಹತ್ತಿದ ರೋಗ. ‘ಮತಯುದ್ಧ’ ಅಂತ ಬರೆಯಿರಿ. ಮುಗೀತು.

ಕೇಳಿದವರು:

ಸಾರ್, ‘ನಾಲ್ಕನೇ ಮತಯುದ್ಧ’ ಅಂದರೆ ಅಂಗಡಿಯವರು ಅದನ್ನು ಚುನಾವಣೆ ಪುಸ್ತಕಗಳ ಜೊತೆ ಇಡುತ್ತಾರೆ.

ಮೈಸೂರಿನಿಂದ:

ಯಾರಾದರೂ ‘ಶಿಲುಬೆಯುದ್ಧ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಸಂಸ್ಕೃತ ಪದವನ್ನು ಸಂಸ್ಕೃತವಲ್ಲದ್ದರ ಜೊತೆ ಕೂಡಿಸಿದ ತಪ್ಪು ಸಮಾಸ. ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟ ಹಾಗೆ ಅಂತ ಕವಿರಾಜಮಾರ್ಗ ಆಗಲೇ ಎಚ್ಚರಿಸಿದೆ. ‘ಕಾಳಗ’ ಇರುವಾಗ ‘ಯುದ್ಧ’ ಯಾಕೆ? ‘ಶಿಲುಬೆಗಾಳಗ’. ಗ-ಕಾರ ಆದೇಶವೂ ಆಯಿತು, ಮಹಾಪ್ರಾಣದ ಕಾಟವೂ ತಪ್ಪಿತು.

ಮಂಗಳೂರಿನಿಂದ:

ನಮ್ಮ ಕಡೆ ‘ಶಿಲುಬೆಗಾಳಗ’ ಅಂದರೆ ರಾತ್ರಿ ಎಷ್ಟು ಗಂಟೆಗೆ ಶುರು, ಯಾವ ಮೇಳ ಅಂತ ಕೇಳುತ್ತಾರೆ.

ಅದೂ ಅಲ್ಲದೆ, ಅಚ್ಚಗನ್ನಡ ಬೇಕು ಅನ್ನುವವರು ಶಿಲುಬೆಯನ್ನು ಹೇಗೆ ಒಳಗೆ ಬಿಟ್ಟರು? ಅದು ಸಿರಿಯಾಕ್ ಭಾಷೆಯ ‘ಸ್ಲೀಬಾ’. ತಮಿಳಿನಲ್ಲಿ ‘ಸಿಲುವೈ’. ಅರಬ್ಬಿಯ ‘ಸಲೀಬ್’ ಕೂಡ ಅದೇ ಬಳ್ಳಿಯದು. ನಮ್ಮ ಮನೆಯ ಕೊಂಕಣಿಯಲ್ಲಿ ‘ಖುರಿಸ್’, ಅದು ಪೋರ್ಚುಗೀಸರದು. ಅರಬ್ಬರು ಈಗ ಈ ಯುದ್ಧಗಳಿಗೆ ಶಿಲುಬೆಯ ಯುದ್ಧ ಎಂದೇ ಅನ್ನುತ್ತಾರೆ, ಆದರೆ ಅದು 19ನೇ ಶತಮಾನದಲ್ಲಿ ಹುಟ್ಟಿದ ಮಾತು. ಆ ಕಾಲದವರು ಈ ಯುದ್ಧಗಳಿಗೆ ಶಿಲುಬೆಯ ಹೆಸರಿಡಲಿಲ್ಲ. ಬಂದವರು ಯಾರು? ‘ಇಫ್ರಂಜ್’, ಅಂದರೆ ಫ್ರಾಂಕರು, ಪಶ್ಚಿಮ ಯುರೋಪಿನವರು. ಅಷ್ಟೇ. ಆ ಇಫ್ರಂಜ್ ಪಾರಸಿಯ ದಾರಿ ಹಿಡಿದು ನಮ್ಮಲ್ಲಿಗೂ ಬಂತು. ಪರಂಗಿಯವರು ಅನ್ನುತ್ತೇವಲ್ಲ, ಅದೇ. ಪರಂಗಿ ಹಣ್ಣು ಅದೇ. ಕೋಟೆಯ ಮೇಲಿನ ಫಿರಂಗಿಯೂ ಅದೇ! ಹಾಗಾಗಿ ‘ಪರಂಗಿ ದಂಡು’. ಪದ ಮನೆಯಲ್ಲೇ ಇದೆ, ನೀವು ಊರೆಲ್ಲ ಹುಡುಕುತ್ತಿದ್ದೀರಿ.

ಧಾರವಾಡದಿಂದ:

ಹಣ್ಣಿನ ಚರ್ಚೆಗೆ ಬೇರೆ ಓಲೆ ಶುರು ಮಾಡಿ. ‘ಪರಂಗಿ ದಂಡು’ ಅಂದರೆ ಬೆಂಗಳೂರಿನವರಿಗೆ ಕಂಟೋನ್ಮೆಂಟ್ ಸ್ಟೇಷನ್.

ಬೆಂಗಳೂರಿನಿಂದ:

ಸುಮ್ನೆ ‘ಕ್ರುಸೇಡ್’ ಅಂತ ಇಡಿ. ಇಂಗ್ಲಿಷಿನವರೇ ಅದನ್ನು ಫ್ರೆಂಚ್ ಮತ್ತು ಸ್ಪ್ಯಾನಿಷಿನಿಂದ ಕಲಸಿಕೊಂಡಿದ್ದಾರೆ. ಪಾದ್ರಿ, ಇಗರ್ಜಿ, ಮೇಜು, ಕುರ್ಚಿ ಎಲ್ಲ ತೆಗೆದುಕೊಂಡವರಿಗೆ ಇದೊಂದು ಭಾರವೇ?

ಮೈಸೂರಿನಿಂದ:

ಈ ವಾದ ಕೇಳಿ ಕೇಳಿ ಸಾಕಾಗಿದೆ. ಮೇಜು ವಸ್ತುವಿನ ಜೊತೆ ಬಂತು. ವಸ್ತು ಹೊಸದು, ಹೆಸರೂ ಹೊಸದು, ಯಾರೂ ಬೇಡ ಅನ್ನಲಿಲ್ಲ. ದೇವರ ಹೆಸರಲ್ಲಿ ಬಡಿದಾಡುವುದು ನಮಗೇನು ಹೊಸದೇ, ಹೆಸರನ್ನು ಕಡ ತರೋಕೆ? ಕಡ ತಂದವರು ತೀರಿಸುವುದಿಲ್ಲ. ಇಲ್ಲದ ಪದ ತರುವುದು ಬೇರೆ, ಇರುವ ಪದವನ್ನು ಓಡಿಸುವುದು ಬೇರೆ.

ಬೆಂಗಳೂರಿನಿಂದ:

ಇರುವ ಪದ ಯಾವುದು ಅಂತ ಇನ್ನೂ ಹೇಳಿಲ್ಲ ನೀವು.

ಶಿವಮೊಗ್ಗದಿಂದ:

ಶುಕ್ರವಾರ ಹತ್ತಿರ ಬಂತು, ಜಗಳ ಪಕ್ಕಕ್ಕಿಡೋಣ. ‘ಯುದ್ಧ’ದ ಹಿಂದೆ ಬಿದ್ದಿದ್ದೇ ತಪ್ಪು. ಹೊರಟವರು ಅದನ್ನು ಯುದ್ಧ ಅಂತ ಜಾಸ್ತಿ ಕರೆಯಲೇ ಇಲ್ಲ. ಲ್ಯಾಟಿನ್ನಿನಲ್ಲಿ ‘ಇಟರ್’ ಅಂದರು, ಅಂದರೆ ಪಯಣ. ‘ಪೆರೆಗ್ರಿನಾಶಿಯೋ’ ಅಂದರು, ಅಂದರೆ ತೀರ್ಥಯಾತ್ರೆ. ಬಟ್ಟೆಯ ಶಿಲುಬೆಯನ್ನು ಹೆಗಲಿಗೆ ಹೊಲಿಸಿಕೊಂಡವನು ಶಿಲುಬೆಯ ಗುರುತಿನವನು. ಒಮ್ಮೆ ಹೊಲಿಸಿಕೊಂಡ ಮೇಲೆ ಹೋಗಲೇಬೇಕು. ತಪ್ಪಿದರೆ ಇಗರ್ಜಿಯಿಂದ ಬಹಿಷ್ಕಾರ.

ನಮ್ಮಲ್ಲಿ ಶಬರಿಮಲೆಗೆ ಹೊರಟವರನ್ನು ಏನಂತೀವಿ? ‘ಮಾಲೆ ಹಾಕಿದ್ದಾರೆ’. ಮಾಲೆ ಅಂದರೆ ಅಲ್ಲಿ ವ್ರತವೇ. ಹಾಗೇ ಇಲ್ಲಿ ‘ಶಿಲುಬೆ ತೊಟ್ಟರು’. ಅಂಗಿಯನ್ನೂ ತೊಡುತ್ತೇವೆ, ಪಣವನ್ನೂ ತೊಡುತ್ತೇವೆ. ಒಂದೇ ಕ್ರಿಯಾಪದ ಎರಡೂ ಕೆಲಸ ಮಾಡುತ್ತದೆ. ಇಂಗ್ಲಿಷಿಗೂ ಈ ಅನುಕೂಲ ಇಲ್ಲ. ಪುಸ್ತಕದ ಹೆಸರು ‘ಶಿಲುಬೆ ತೊಟ್ಟವರು’. ಒಳಗೆ ಎಲ್ಲ ಕಡೆ ‘ಶಿಲುಬೆಯ ದಂಡಯಾತ್ರೆ’. ಅದರೊಳಗೆ ದಂಡೂ ಇದೆ, ಯಾತ್ರೆಯೂ ಇದೆ. ‘-ಯ’ ಪ್ರತ್ಯಯ ಬಿಟ್ಟಿಲ್ಲ, ಸಮಾಸವೇ ಆಗಲಿಲ್ಲ, ಮೈಸೂರಿನ ಹಾಲು ಒಡೆಯುವುದಿಲ್ಲ.

ಕೇಳಿದವರು:

‘ಶಿಲುಬೆ ತೊಟ್ಟವರು’ ಕಳಿಸಿಬಿಟ್ಟೆ. ಪ್ರಕಾಶಕರು ಕೆಳಗೆ ಸಣ್ಣ ಅಕ್ಷರದಲ್ಲಿ ‘ನಾಲ್ಕನೇ ಕ್ರುಸೇಡಿನ ಕಥೆ’ ಅಂತ ಇರಲೇಬೇಕು ಅಂದರು, ಒಪ್ಪಿಕೊಂಡೆ. ಬೆಂಗಳೂರಿನವರೂ ಖುಷಿಯಾಗಲಿ.

ಒಂದೇ ಒಂದು ತೊಡಕು. ಡ್ಯಾಂಡೊಲೊ ಹೆಗಲಿಗೆ ಹೊಲಿಸಿಕೊಳ್ಳಲಿಲ್ಲ. ಜನಕ್ಕೆಲ್ಲ ಕಾಣಲಿ ಅಂತ ಟೋಪಿಯ ಮುಂಭಾಗಕ್ಕೆ ಹೊಲಿಸಿಕೊಂಡ. ಅಲ್ಲಿಯೂ ‘ತೊಟ್ಟ’ ಅನ್ನಬಹುದಾ?

ಶಿವಮೊಗ್ಗದಿಂದ:

ಟೋಪಿಯನ್ನು ತೊಡುವುದಿಲ್ಲ, ಹಾಕುತ್ತೇವೆ. ‘ಡ್ಯಾಂಡೊಲೊ ಟೋಪಿ ಹಾಕಿದ’ ಅಂತಲೇ ಬರೆಯಿರಿ. ಯಾರಿಗೆ ಅನ್ನುವುದು ಮುಂದಿನ ಅಧ್ಯಾಯದಲ್ಲಿ ತಾನಾಗಿ ಗೊತ್ತಾಗುತ್ತದೆ.

ಮೈಸೂರಿನಿಂದ:

ಟೋಪಿ ಕನ್ನಡ ಅಲ್ಲ. ‘ಕುಲಾವಿ’ ಅನ್ನಿ.

ಮಂಗಳೂರಿನಿಂದ:

ಕುಲಾವಿ ಪಾರಸಿ.