ಹೂವು ಬೇಕಾದಷ್ಟಿದೆ, ಕಾಯಿ ನಿಲ್ಲುತ್ತಿಲ್ಲ. ಈ ಬಿಸಿಲಿಗೆ ಏನು ಮಾಡೋದು?

ತುಮಕೂರು ಹಿತ್ತಲು:
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಸ್ವಲ್ಪ ಜಾಗ ಇದೆ. ಟೊಮೇಟೊ, ಬೆಂಡೆ, ಚಪ್ಪರದ ಮೇಲೆ ಹೀರೆ, ಮೂಲೆಯಲ್ಲಿ ಕಸಿ ಮಾಡಿದ ಮಲ್ಲಿಕಾ ಮಾವು. ಯುಗಾದಿವರೆಗೂ ಎಲ್ಲ ಚೆನ್ನಾಗಿತ್ತು. ಈಗ ಟೊಮೇಟೊ ಹೂವು ಉದುರುತ್ತಿದೆ, ನಿಂತ ನಾಲ್ಕಾರು ಕಾಯಿಗೂ ಕೆಳಗೆ ಕಪ್ಪು ಮಚ್ಚೆ. ಹೀರೆಯಲ್ಲಿ ಹೀಚು ಕಾಣಿಸುತ್ತದೆ, ಆಮೇಲೆ ಹಳದಿಯಾಗಿ ಮುರುಟಿಕೊಳ್ಳುತ್ತದೆ. ಬೆಳಗ್ಗೆ ಎದ್ದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುತ್ತಲೂ ಇದ್ದೇನೆ. ಮಾವಿನ ಬುಡದಲ್ಲಂತೂ ದಿನಾ ಗೋಲಿ ಗಾತ್ರದ ಮಿಡಿಗಳ ರಾಶಿ. ಪಕ್ಕದ ಮನೆಯವರು ಯೂರಿಯಾ ಹಾಕಿ ಅಂತಾರೆ. ಹಾಕಲಾ? ಬೆಂಡೆ ಒಂದೇ ಸದ್ಯಕ್ಕೆ ತಕರಾರಿಲ್ಲದೆ ಕೊಡುತ್ತಿದೆ.

ಕೆಂಪುಮಣ್ಣು:
ಯೂರಿಯಾ ಬೇಡವೇ ಬೇಡ. ಎಲೆ ಹಸಿರಾಗಿ ಸೊಕ್ಕುತ್ತದೆ, ಕಾಯಿ ಬರುವುದಿಲ್ಲ, ಮೇಲಿಂದ ಚಿಗುರಿಗೆ ರಸ ಹೀರುವ ಹುಳ ಮುತ್ತಿಕೊಳ್ಳುತ್ತದೆ. ಗಿಡಕ್ಕೆ ಈಗ ಹಸಿವಿಲ್ಲ, ಸೆಕೆ ಅಷ್ಟೇ.

ಟೊಮೇಟೊಗೆ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಹೂವಿನ ಪರಾಗ ಕೆಡುತ್ತದೆ. ಉದುರಿದ ಹೂವು ಒಂದನ್ನು ಎತ್ತಿ ನೋಡಿ. ತೊಟ್ಟಿನ ಮಧ್ಯೆ ಸಣ್ಣ ಗಂಟು ಇರುತ್ತದಲ್ಲ, ಸರಿಯಾಗಿ ಅಲ್ಲೇ ಕಳಚಿರುತ್ತದೆ, ಯಾರೋ ಉಗುರಿನಿಂದ ಚಿವುಟಿದ ಹಾಗೆ. ಹುಳ ತಿಂದದ್ದಾದರೆ ಹಾಗೆ ಇರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ನೆರಳು ಕಟ್ಟಿ. ಬೆಳಗ್ಗೆ ಹೂಗೊಂಚಲನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ, ಪರಾಗ ಅದೇ ಹೂವಿನೊಳಗೆ ಉದುರಿದರೂ ಟೊಮೇಟೊಗೆ ಸಾಕು.

ಅಡುಗೆಮನೆ ತೋಟ:
ಕಾಯಿಯ ಕೆಳಗೆ ಕಪ್ಪಾಗುವುದು ಸುಣ್ಣದ ಅಂಶ ಕಡಿಮೆಯಾಗಿ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಬುಡಕ್ಕೆ ಹಾಕಿ, ನಾನು ಹಾಕ್ತೀನಿ.

ಕೆಂಪುಮಣ್ಣು:
ಹಾಕಿದರೆ ನಷ್ಟ ಏನಿಲ್ಲ ಮೇಡಂ, ಆದರೆ ಸಿಪ್ಪೆ ಕರಗಿ ಗಿಡಕ್ಕೆ ಸಿಗುವಷ್ಟರಲ್ಲಿ ಈ ಬೆಳೆಯೇ ಮುಗಿದಿರುತ್ತದೆ. ಎಷ್ಟೋ ಸಲ ಮಣ್ಣಿನಲ್ಲಿ ಸುಣ್ಣ ಇದ್ದೇ ಇರುತ್ತದೆ. ಅದು ನೀರಿನ ಜೊತೆ ಮೇಲೆ ಹೋಗಬೇಕು. ಒಂದು ದಿನ ಪಾತಿ ಕೆರೆಯಾಗಿ, ಮರುದಿನಗಳು ಬಿರುಕು ಬಿಡುವಂತೆ ಒಣಗಿದರೆ ಹೇಗೆ ಹೋಗುತ್ತದೆ? ದಿನಾ ಒಂದೇ ಹದದಲ್ಲಿ ನೀರು ಕೊಡಿ, ಬುಡಕ್ಕೆ ತರಗೆಲೆನೋ ಒಣಹುಲ್ಲೋ ದಪ್ಪಗೆ ಮುಚ್ಚಿ. ಕಪ್ಪಾದ ಕಾಯಿ ಸರಿಹೋಗಲ್ಲ, ಕಿತ್ತು ಹಾಕಿ.

ಧಾರವಾಡದ ಚಪ್ಪರ:
ಹೀರೆ ವಿಷಯ ಯಾರೂ ಹೇಳಲಿಲ್ಲ ನೋಡಿ. ಹೀರೆ ಹೂವು ಬಿಚ್ಚುವುದು ಸಂಜೆ! ಬೆಳಗ್ಗೆ ಬಿಚ್ಚುವುದು ತುಪ್ಪದ ಹೀರೆ, ಕುಂಬಳ, ಸೌತೆ. ನಿಮ್ಮದು ಏಣಿರುವ ಮಾಮೂಲಿ ಹೀರೆಯಾದರೆ ಐದು ಗಂಟೆ ಮೇಲೆ ಹೋಗಿ. ಆಗ ತಾನೇ ಬಿಚ್ಚಿದ ಗಂಡು ಹೂವಿನ ಎಸಳು ಕಿತ್ತು, ಹಿಂದೆ ಪುಟ್ಟ ಹೀರೆಕಾಯಿ ಇರುವ ಹೂವಿನ ನಡುವೆ ಸವರಿ. ಹಳದಿ ಪುಡಿ ಅಂಟಿದ್ದು ಕಣ್ಣಿಗೇ ಕಾಣುತ್ತದೆ.

ಆದರೂ ಒಂದು ಅನುಮಾನ. ಮುರುಟಿದ ಹೀಚನ್ನು ಸೀಳಿ ನೋಡಿದ್ದೀರಾ? ಒಳಗೆ ಬಿಳಿ ಹುಳ ಇದ್ದರೆ ಅದು ಹಣ್ಣು ನೊಣದ ಕೆಲಸ. ಹೊರಗೆ ಸೂಜಿ ಚುಚ್ಚಿದಂಥ ಗುರುತು, ಕೆಲವೊಮ್ಮೆ ಅಂಟು ಹನಿ. ಅಂಥದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ನೊಣದ ಟ್ರ್ಯಾಪ್ ತರುವಾಗ ಹುಷಾರು, ಅದರೊಳಗೆ ನೊಣ ಸೆಳೆಯಲು ಇಡುವ ಮದ್ದಿನಲ್ಲಿ ಮಾವಿನ ನೊಣಕ್ಕೆ ಹಾಕುವ ಮೀಥೈಲ್ ಯುಜೆನಾಲ್ ಬೇರೆ, ಹೀರೆ ಸೋರೆ ಜಾತಿಗೆ ಬೇಕಾದ ಕ್ಯೂ ಲೂರ್ ಬೇರೆ. ಅಂಗಡಿಯವರು ಎರಡೂ ಒಂದೇ ಅಂತ ಕೊಟ್ಟುಬಿಡ್ತಾರೆ.

ಸಾಗರದ ಮಳೆ:
ಮಾವಿಗೆ ಗಾಬರಿ ಆಗಬೇಡಿ. ಮಾವಿನ ಮರದಲ್ಲಿ ಬಿಟ್ಟ ಹೂವಿನಲ್ಲಿ ನೂರಕ್ಕೆ ಒಂದು ಕೂಡ ಹಣ್ಣಾಗುವುದಿಲ್ಲ, ಮರ ತನಗೆ ಹೊರಲು ಆಗುವಷ್ಟೇ ಉಳಿಸಿಕೊಳ್ಳುತ್ತದೆ. ಆದರೆ ಮಿಡಿ ಬಟಾಣಿ ಗಾತ್ರ ದಾಟಿದ ಮೇಲೆ ಮಣ್ಣು ಪೂರ್ತಿ ಒಣಗಲು ಬಿಡಬಾರದು. ನೀರನ್ನು ಕಾಂಡಕ್ಕಲ್ಲ, ಎಲೆಯ ನೆರಳು ಬೀಳುವ ಅಂಚಿಗೆ ಕೊಡಿ. ಎಲೆ ಮೇಲೆ ಅಂಟು, ಅದರ ಮೇಲೆ ಕರಿ ಮಸಿ ಇದೆಯಾ? ಇದ್ದರೆ ಜಿಗಿಹುಳು ಇದೆ ಅಂತ ಅರ್ಥ. ಬೇವಿನ ಎಣ್ಣೆ ಲೀಟರಿಗೆ 5 ಎಂಎಲ್, ಸ್ವಲ್ಪ ಸೋಪು ಸೇರಿಸಿ ಸಂಜೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬಿದ್ದ ಮಿಡಿ ಉಪ್ಪಿನಕಾಯಿಗೆ ಆಗಲ್ಲ ಬಿಡಿ, ಅದಕ್ಕೆ ತೊಟ್ಟು ಸಮೇತ ಕೊಯ್ದದ್ದೇ ಬೇಕು. ಪೆಟ್ಟಾಗದ್ದನ್ನು ಆರಿಸಿ ಚಟ್ನಿ ಮಾಡಿ. ಅಶ್ವಿನಿ, ಭರಣಿ ಮಳೆ ಚೆನ್ನಾಗಿ ಬಿದ್ದರೆ ಅರ್ಧ ಕಷ್ಟ ಕಳೆಯುತ್ತದೆ, ಗಾಳಿ ಆಲಿಕಲ್ಲು ಜೊತೆಗೆ ಬರದಿದ್ದರೆ.

ಬೆಂಗಳೂರು ಟೆರೇಸು:
ಎಲ್ಲರೂ ನೀರು ಕೊಡಿ ಅಂತೀರಿ, ನಮ್ಮ ಕಡೆ ನೀರೇ ಇರಬೇಕಲ್ಲ. 2024ರ ಮಾರ್ಚ್‌ನಲ್ಲಿ ಇಲ್ಲಿ ಕುಡಿಯುವ ನೀರು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆ ಅಲ್ವಾ. ಅಕ್ಕಿ, ತರಕಾರಿ ತೊಳೆದ ನೀರು ಬಕೆಟ್‌ನಲ್ಲಿ ಹಿಡಿದಿಡಿ. ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರನ್ನು ಮಾತ್ರ ದಿನಾ ಕುಂಡಕ್ಕೆ ಹಾಕಬೇಡಿ, ಉಪ್ಪು ಸೇರುತ್ತಾ ಎಲೆಯ ಅಂಚು ಕಂದಾಗುತ್ತದೆ. ಇನ್ನು ಬೆಂಡೆಗೆ ತಕರಾರಿಲ್ಲ ಅಂದಿರಿ, ಆದರೂ ಎಲೆ ನರ ಹಳದಿಯಾಗುತ್ತಿದೆಯಾ ನೋಡ್ತಾ ಇರಿ. ಬಿಳಿ ನೊಣ ಹರಡುವ ರೋಗ ಅದು. ಅಂಥ ಗಿಡ ಕಂಡ ತಕ್ಷಣ ಬುಡಸಮೇತ ಕಿತ್ತುಬಿಡಿ. ಮುಂದಿನ ಸಲಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ಬೀಜ ನೋಡಿ, ಆ ರೋಗ ತಡೆಯಲೆಂದೇ ಮಾಡಿದ ತಳಿ.

ತುಮಕೂರು ಹಿತ್ತಲು:
ಎಲ್ಲರಿಗೂ ಥ್ಯಾಂಕ್ಸ್. ಹೀಚು ಸೀಳಿ ನೋಡಿದೆ, ಹುಳ ಇಲ್ಲ. ಸಂಜೆ ಹೋದರೆ ಹೂವು ನಿಜಕ್ಕೂ ಆಗಲೇ ಬಿಚ್ಚುತ್ತಿತ್ತು, ಸವರಿ ಗುರುತಿಗೆ ದಾರ ಕಟ್ಟಿದ್ದೇನೆ. ಯೂರಿಯಾ ಕೈಬಿಟ್ಟೆ. ಶೇಡ್ ನೆಟ್ ಎಷ್ಟರದ್ದು ತರಲಿ? ಅಂಗಡಿಯಲ್ಲಿ 50, 75, 90 ಪರ್ಸೆಂಟ್ ನೆರಳಿನದ್ದು ಅಂತಿದೆ.

ಕೆಂಪುಮಣ್ಣು:
50 ಸಾಕು. 75ರ ನೆಟ್ ಅಡಿಯಲ್ಲಿ ಟೊಮೇಟೊ ಬೆಳಕಿಲ್ಲದೆ ಸುಮ್ನೆ ಉದ್ದ ಬೆಳೆಯುತ್ತದೆ. ಗಿಡದ ಮೇಲೆ ಹೊದಿಸಬೇಡಿ, ತಲೆಗಿಂತ ಎತ್ತರಕ್ಕೆ ಕಟ್ಟಿ, ಪಕ್ಕಗಳು ತೆರೆದಿರಲಿ, ಜೇನು ಓಡಾಡಬೇಕು. ಹೀರೆ ಚಪ್ಪರಕ್ಕೆ ನೆಟ್ ಬೇಡ. ಮಳೆ ಹಿಡಿದ ಮೇಲೆ ಬಿಚ್ಚಿ ಮಡಿಸಿಡಿ.